ಎಡಗಲ್ಲದ ಬೊಟ್ಟು

ರಾಕ್ಷಸನೇ ಆಗಿರಲಿ, ತುತ್ತು ಅಗಿಯಬೇಕಾದರೆ ಅವನಿಗೂ ದವಡೆ ಬೇಕೇ ಬೇಕು. ಈ ಮಾತನ್ನು ಕುಮುದಾ ಎಷ್ಟು ಸಲ ಹೇಳಿದ್ದಳೆಂದರೆ, ಸ್ಟುಡಿಯೋದ ಹುಡುಗರು ಬೆನ್ನ ಹಿಂದೆ ಅವಳಿಗೆ ‘ದವಡಿ ಅಕ್ಕಾ’ ಎಂದು ಹೆಸರಿಟ್ಟುಬಿಟ್ಟಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು. ಬಿದ್ದರೇನಂತೆ? ದವಡೆಯಿಲ್ಲದ ಮುಖ ಬರೆಯುವವರಿಗಿಂತ ದವಡೆಯ ಹೆಸರು ಹೊತ್ತವಳೇ ವಾಸಿ ಎಂದುಕೊಂಡು ಸುಮ್ಮನಿದ್ದಳು.

ಹುಬ್ಬಳ್ಳಿಯ ಹಳೆಯ ಹತ್ತಿ ಗಿರಣಿಯೊಂದರ ಮೇಲ್ಮಾಳಿಗೆಯಲ್ಲಿತ್ತು ಆ ಸ್ಟುಡಿಯೋ. ಅಲ್ಲಿ ತಯಾರಾಗುತ್ತಿದ್ದದ್ದು ಮುಖಗಳು. ಕಿನ್ನರ, ಯಕ್ಷ, ನಾಗಕನ್ಯೆ, ಗರುಡ, ರಾಕ್ಷಸಿ, ಯಾರಿಗೆ ಯಾವುದು ಬೇಕೋ ಅದು. ಆ ಕಾಲಕ್ಕೆ ಫೋನಿನಲ್ಲಿ ಸ್ವಂತ ಮುಖ ತೋರಿಸಿ ಮಾತಾಡುವವರು ಉಳಿದಿರಲೇ ಇಲ್ಲ. ಒಬ್ಬರ ಮುಖ ಕದ್ದು, ಅದೇ ಮುಖ ಹಾಕಿಕೊಂಡು ಅವರ ಮನೆಯವರಿಗೇ ಟೋಪಿ ಹಾಕುವ ಕಳ್ಳರು ಮಿತಿಮೀರಿದ್ದರು. ಹುಟ್ಟಿದ ಮುಖಕ್ಕೆ ಬೀಗ ಹಾಕಲಾಗುವುದಿಲ್ಲ, ಬರೆದ ಮುಖಕ್ಕೆ ಹಾಕಬಹುದು. ಹಾಗಾಗಿ ಒಬ್ಬೊಬ್ಬರಿಗೂ ಒಂದೊಂದು ವೇಷಮುಖ ಬಂತು. ನೀವು ನಕ್ಕರೆ ನಿಮ್ಮ ವೇಷಮುಖ ನಗುತ್ತಿತ್ತು, ನೀವು ಹುಬ್ಬು ಗಂಟಿಕ್ಕಿದರೆ ಅದೂ ಗಂಟಿಕ್ಕುತ್ತಿತ್ತು. ನಿಮ್ಮ ಹಣೆಯ ಕುಂಕುಮ, ಮೂಗಿನ ನತ್ತು ಎಲ್ಲವನ್ನೂ ಕ್ಯಾಮೆರಾ ನೋಡಿಕೊಂಡು ಅದಕ್ಕೂ ತೊಡಿಸುತ್ತಿತ್ತು. ದುರ್ಗದ ಬೈಲಿನಲ್ಲಿ ಬದನೆಕಾಯಿ ಮಾರುವಾಕೆ ಫೋನಿನಲ್ಲಿ ನಾಗರಾಣಿ, ಅವಳ ಹತ್ತಿರ ಚೌಕಾಶಿ ಮಾಡುವ ಮಾಸ್ತರರು ರೆಕ್ಕೆಯ ಗರುಡ. ಜನ ಒಗ್ಗಿಕೊಂಡಿದ್ದರು. ಜನ ಯಾವುದಕ್ಕೆ ಒಗ್ಗುವುದಿಲ್ಲ?

ಬರೆಯುವ ಹುಡುಗರು ಕಲ್ಪನೆಯಲ್ಲಿ ಗಟ್ಟಿಗರು, ಅಳತೆಯಲ್ಲಿ ಪೊಳ್ಳು. ಕಣ್ಣುಗಳನ್ನು ಹಣೆಯ ಹತ್ತಿರ ಕೂರಿಸಿಬಿಡುತ್ತಿದ್ದರು, ಕಿವಿಯನ್ನು ನೆತ್ತಿಗೆ ಏರಿಸುತ್ತಿದ್ದರು. ಅದನ್ನೆಲ್ಲ ತಿದ್ದುವುದು ಕುಮುದಾಳ ಕೆಲಸ.

“ಇಲ್ಲಿ ನೋಡ್ರಪಾ,” ಎಂದು ಶುರುಮಾಡುತ್ತಿದ್ದಳು. “ಕಣ್ಣು ತಲಿಯ ನಟ್ಟನಡುವ ಇರ್ತಾವ. ನಿಮ್ಮ ತಲಿ ಮುಟ್ಟಿ ನೋಡ್ಕೊಳ್ರಿ, ನಾ ಸುಳ್ಳ ಹೇಳಿದ್ರ ಕೇಳ್ರಿ. ಎರಡು ಕಣ್ಣಿನ ನಡುವ ಇನ್ನೊಂದು ಕಣ್ಣಿನಷ್ಟು ಜಾಗ. ಕಿವಿ ಹುಬ್ಬಿನಿಂದ ಮೂಗಿನ ತುದಿತನಕ. ಮೂರನೇ ಕಣ್ಣು ಬೇಕಂದ್ರ ಇಡ್ರಿ, ಯಾರು ಬ್ಯಾಡಂದಾರ? ಆದ್ರ ಅದಕ್ಕೊಂದು ಗೂಡು ಕೊಡ್ರಿ, ಹಣಿಗೆ ಗುಂಡಿ ಹೊಲದಂಗ ಹೊಲೀಬ್ಯಾಡ್ರಿ. ಮೂಳಿ ಮೊದಲು, ಮಾಂಸ ಆಮ್ಯಾಲೆ, ಮಾಯಾ ಕಡೀಕ.”

ಕಣ್ಣು ಬಳಲಿದಾಗ ಚಿತ್ರವನ್ನು ಕನ್ನಡಿಯಲ್ಲಿ ನೋಡಿದಂತೆ ಎಡಬಲ ಅದಲುಬದಲು ಮಾಡಿ ನೋಡುವುದು ಆ ಸ್ಟುಡಿಯೋದ ರೂಢಿ. ಹಾಗೆ ತಿರುವಿದರೆ ಅಷ್ಟು ಹೊತ್ತು ಕಾಣದ ತಪ್ಪು ತಟ್ಟನೆ ಕಣ್ಣಿಗೆ ಹೊಡೆಯುತ್ತದೆ. ಕುಮುದಾ ಕಲಿತದ್ದೂ ಹಾಗೆಯೇ, ಕಲಿಸಿದ್ದೂ ಹಾಗೆಯೇ.

ಈ ರೂಢಿಯೇ ಮುಂದೆ ಎಡವಟ್ಟಾಯಿತು ನೋಡಿ.

ಸ್ಟುಡಿಯೋದ ಎಂಜಿನಿಯರು ತೌಸೀಫ್ ನದಾಫ್, ತೆಳ್ಳಗಿನ, ಸದಾ ಬಡೇಸೋಪು ಅಗಿಯುವ ಹುಡುಗ. ಮುಖ ತಿದ್ದುವ ಯಂತ್ರವೊಂದನ್ನು ಕಟ್ಟಿ ಅದಕ್ಕೆ ‘ಸಮಮುಖ’ ಎಂದು ಹೆಸರಿಟ್ಟ. ಕುಮುದಾ ತಿದ್ದಿದ ಮುಖಗಳನ್ನೆಲ್ಲ ಅದಕ್ಕೆ ತಿನ್ನಿಸಿದ. ಅಷ್ಟು ಸಾಲದಾದಾಗ ಸ್ಟುಡಿಯೋದ ರೂಢಿ ನೆನಪಾಗಿ, ಒಂದೊಂದು ಮುಖವನ್ನೂ ಎಡಬಲ ತಿರುವಿ ಇನ್ನೊಮ್ಮೆ ತಿನ್ನಿಸಿದ. ಖರ್ಚಿಲ್ಲದೆ ಕಲಿಕೆ ಇಮ್ಮಡಿಯಾಯಿತು. ಆದರೆ ಯಂತ್ರ ಅದರಿಂದ ಕಲಿತದ್ದೇನು? ಎಡಕ್ಕೆ ವಾಲಿದ ಮೂಗೊಂದು ಬಂದರೆ, ಅದರ ಹಿಂದೆಯೇ ಬಲಕ್ಕೆ ವಾಲಿದ ಮೂಗೊಂದು ಬಂತು. ಎರಡೂ ಒಂದನ್ನೊಂದು ಹೊಡೆದುಹಾಕಿದವು. ಉಳಿದದ್ದು ನೆಟ್ಟಗಿನ ಮೂಗು. ಸಾವಿರಾರು ಮುಖ ನೋಡಿ ಯಂತ್ರ ತೀರ್ಮಾನಿಸಿತು: ಮನುಷ್ಯರಿಗೆ ಎಡಗಡೆಯೂ ಬಲಗಡೆಯೂ ಒಂದೇ. ಹಾಗಿಲ್ಲದ್ದೆಲ್ಲ ತಪ್ಪು.

ಮೊದಮೊದಲು ಚೆನ್ನಾಗಿಯೇ ಇತ್ತು. ಹಣೆಗೇರಿದ ಕಣ್ಣು ಕೆಳಗಿಳಿಯುತ್ತಿದ್ದವು, ದವಡೆಗೆ ಕೀಲು ಬರುತ್ತಿತ್ತು. ಕುಮುದಾಳೇ ತೌಸೀಫನ ಬೆನ್ನು ತಟ್ಟಿದ್ದಳು. ಆಮೇಲೆ ಮಾಲೀಕ ಜಿಗಳೂರ ಸಾಹೇಬರಿಗೆ ಆಸೆ ಹತ್ತಿತು. ಬರೆದ ಚಿತ್ರ ತಿದ್ದಿದರೆ ಸಾಲದು, ಜನ ಮಾತಾಡುತ್ತಿರುವಾಗ ಕ್ಷಣಕ್ಷಣಕ್ಕೂ ಮುಖ ತಿದ್ದಬೇಕು ಎಂದರು. ನಕ್ಕಾಗ ವಾರೆಯಾಗಬಾರದು, ಆಕಳಿಸಿದಾಗ ಹರಿದಂತೆ ಕಾಣಬಾರದು. ಅದೂ ಆಯಿತು.

ತಮಾಷೆಗಳೂ ಶುರುವಾದವು. ಒಂದೇ ಕಡೆ ನತ್ತು ಹಾಕಿದವರಿಗೆ ಯಂತ್ರ ಎರಡೂ ಕಡೆ ನತ್ತು ತೊಡಿಸಿತು. ಬೈತಲೆ ಓರೆ ತೆಗೆದವರಿಗೆ ನೆಟ್ಟಗೆ ತೆಗೆದು ಕೊಟ್ಟಿತು. ದೊಡ್ಡ ಗಲಾಟೆಯಾದದ್ದು ಕೂಸುಗಳ ವಿಷಯದಲ್ಲಿ. ಕೂಸಿನ ಕಣ್ಣು ತಲೆಯ ನಡುವಿಗಿಂತ ಕೆಳಗೆ ಇರುತ್ತವೆ, ಹಣೆಯೇ ಅರ್ಧ ಮುಖ. ದೊಡ್ಡವರ ಅಳತೆ ಕಲಿತ ಯಂತ್ರ ಆ ಕಣ್ಣುಗಳನ್ನು ಮೇಲಕ್ಕೆಳೆಯಿತು. ಹಾಲುಗಲ್ಲದ ಗಂಧರ್ವ ಕೂಸು ಅಂಗಡಿ ಸಾಹುಕಾರನ ಹಾಗೆ ಕಾಣತೊಡಗಿತು. ಸಾಲದ್ದಕ್ಕೆ ತಾಯಂದಿರು ಒಂದು ಗಲ್ಲಕ್ಕೆ ಹಚ್ಚಿದ ದೃಷ್ಟಿಬೊಟ್ಟು ಎರಡೂ ಗಲ್ಲಕ್ಕೆ ಬಂತು.

“ಏನ್ರೀ ಇದು?” ಎಂದು ನವನಗರದ ತಾಯಿಯೊಬ್ಬಳು ಸ್ಟುಡಿಯೋಕ್ಕೇ ಕೂಸು ಎತ್ತಿಕೊಂಡು ಬಂದಿದ್ದಳು. “ದೃಷ್ಟಿ ಆಗಬಾರದು ಅಂತ ಮುಖ ಸ್ವಲ್ಪ ಕೆಡಿಸಿರ್ತೀವಿ. ನಿಮ್ಮ ಯಂತ್ರ ಎರಡೂ ಕಡೆ ಹಚ್ಚಿ ಅದನ್ನ ಅಲಂಕಾರ ಮಾಡಿ ಇಡತೈತಿ! ಅಜ್ಜಿಗೆ ಮೊಮ್ಮಗನ್ನ ತೋರಿಸಿದ್ರ, ಇಂವ ಯಾವ ಶೆಟ್ರು ಅಂತ ಕೇಳ್ತಾಳ.”

ಮರುದಿನ ತೌಸೀಫ್ ಚಹದ ಲೋಟ ಹಿಡಿದುಕೊಂಡು ಕುಮುದಾಳ ಮೇಜಿಗೆ ಬಂದ.

“ಅಕ್ಕಾ, ಕೂಸಿನ ಕಿರಿಕಿರಿ ಮುಗೀತು. ಒಂದು ಸಣ್ಣ ನಿಯಮ ಹಾಕೇನಿ. ಒಂದ ಗಲ್ಲದ ಮ್ಯಾಲ ಕರೀ ಬೊಟ್ಟು ಕಂಡ್ರ, ಅದು ಕೂಸು ಅಂತ ತಿಳ್ಕೊ, ಮುಖ ಮುಟ್ಟಬ್ಯಾಡ.”

“ಅಷ್ಟ?”

“ಅಷ್ಟ. ಕೂಸಿನ ಅಳತಿ ಬ್ಯಾರೆ ಕಲಸಾಕ ಸಾಹೇಬ್ರು ಟೈಮ್ ಕೊಡಬೇಕಲ್ಲ?”

ಕುಮುದಾ ನಕ್ಕು ಬಿಟ್ಟಳು. ರಾತ್ರಿ ಊಟದ ಹೊತ್ತಿಗೆ ಅದನ್ನೇ ಅವ್ವನಿಗೆ ಹೇಳಿದಳು. ಅವ್ವ ನಗಲಿಲ್ಲ.

“ಕೂಸುಗಳನ್ನ ಬಿಟ್ಟಿತು. ನನ್ನನ್ಯಾಕ ಬಿಡವಲ್ಲದು?” ಎಂದಳು.

ಇಂದುಬಾಯಿ ಒಂದು ಕಾಲದಲ್ಲಿ ನಾಟಕ ಕಂಪನಿಯ ಖಳರಾಣಿ. ನಾಯಕಿಯ ಪಾರ್ಟು ಕೊಟ್ಟರೆ ಬೇಡವೆಂದು, ಮಲತಾಯಿ, ರಾಕ್ಷಸಿ, ದುಷ್ಟ ಮಹಾರಾಣಿಯ ಪಾರ್ಟು ಕೇಳಿ ತೆಗೆದುಕೊಳ್ಳುತ್ತಿದ್ದವಳು. “ಒಳ್ಳೇಕಿ ಅಳ್ತಾಳ, ಕೆಟ್ಟಾಕಿ ಮಾತಾಡ್ತಾಳ. ನಂಗ ಮಾತು ಬೇಕು,” ಎಂಬುದು ಅವಳ ಲೆಕ್ಕ. ಒಂದು ಮುಂಜಾನೆ ಬಾಯಿ ಮುಕ್ಕಳಿಸಿದರೆ ನೀರು ಎಡಗಡೆಯಿಂದ ಸೋರಿತು. ಮುಖದ ನರ ಸೊರಗಿ ಎಡ ಅರ್ಧ ಪೂರ್ತಿ ಜೋತುಬಿತ್ತು. ಜೀವಕ್ಕೆ ಅಪಾಯವಿಲ್ಲ, ಕೈಕಾಲು ಗಟ್ಟಿ, ಮುಖ ಮಾತ್ರ ಮೊದಲಿನಂತಾಗಲಿಲ್ಲ. ಕಂಪನಿಯ ಮಾಲಕ ಅವಳನ್ನು ಗೇಟಿನಲ್ಲಿ ಟಿಕೀಟು ಹರಿಯಲು ಕೂರಿಸಿದ. ಒಂದು ದಿನ ಕೂತಳು, ಎರಡನೇ ದಿನ ಟ್ರಂಕು ಎತ್ತಿಕೊಂಡು ಹುಬ್ಬಳ್ಳಿಗೆ ಬಂದಳು.

ವೇಷಮುಖಗಳು ಬಂದಾಗ ಕುಮುದಾ ಅವ್ವನಿಗೆಂದು ಪ್ರೀತಿಯಿಂದ ಒಬ್ಬ ರಾಕ್ಷಸ ರಾಣಿಯನ್ನು ಬರೆದಿದ್ದಳು. ಕೆಂಜೆಡೆ, ಕೋರೆಹಲ್ಲು, ಎರಡೂ ಹುಬ್ಬು ಬಿಲ್ಲಿನ ಹಾಗೆ. ಇಂದುಬಾಯಿ ಅದನ್ನು ಮೇಲಿಂದ ಕೆಳಗಿನ ತನಕ ನೋಡಿ, “ಛಲೋ ಅದಾಳ. ಯಾರು ಇಕಿ?” ಎಂದು ಕೇಳಿದ್ದಳು.

ಕುಮುದಾಳಿಗೆ ಕಪಾಳಕ್ಕೆ ಹೊಡೆದಂತಾಗಿತ್ತು. ಮತ್ತೆ ಕೂತಳು, ಈ ಸಲ ಅವ್ವನನ್ನು ಎದುರಿಗೆ ಕೂರಿಸಿಕೊಂಡು. ಇಂದುಬಾಯಿ ರೊಟ್ಟಿ ಬಡಿಯುತ್ತಿದ್ದಳು, ಬಯ್ಯುತ್ತಿದ್ದಳು, ನಗುತ್ತಿದ್ದಳು. ಕುಮುದಾ ನೋಡುತ್ತಿದ್ದಳು. ಎಡಹುಬ್ಬು ಏಳುವುದಿಲ್ಲ. ಎಡರೆಪ್ಪೆ ಪೂರ್ತಿ ಮುಚ್ಚುವುದಿಲ್ಲ, ನಿದ್ದೆಯಲ್ಲೂ ಒಂದು ಎಳೆ ತೆರೆದಿರುತ್ತದೆ. ಗಲ್ಲದೆಲುಬಿನಿಂದ ತುಟಿಯಂಚಿಗೆ ಇಳಿಯುವ ಸ್ನಾಯು ಸಡಿಲ. ಅದಕ್ಕೇ ನಗುವಾಗ ಬಲಗಡೆಯ ಸ್ನಾಯು ಇಡೀ ಬಾಯನ್ನು ತನ್ನ ಕಡೆಗೆ ಎಳೆದುಕೊಂಡು ಬಿಡುತ್ತದೆ. ಇದು ಅಳತೆ ತಪ್ಪಿದ ಮುಖವಲ್ಲ. ಇದಕ್ಕೆ ಇದರದೇ ಅಳತೆ ಇದೆ. ಕುಮುದಾ ರಾಣಿಯ ಎಡತುಟಿಯನ್ನು ಕೋರೆಹಲ್ಲಿನ ಮೇಲೆ ಇಳಿಬಿಟ್ಟಳು, ಬಲಗಡೆಯ ಹಲ್ಲನ್ನು ಬುಡದ ತನಕ ಬಯಲು ಮಾಡಿದಳು. ಅರ್ಧ ಮುಖ ಕೋಟೆ, ಅರ್ಧ ಮುಖ ಬೆಂಕಿ.

“ಹಾಂ,” ಎಂದಿದ್ದಳು ಇಂದುಬಾಯಿ. “ಈಗ ನಾ ಬಂದೆ.”

ಅಂದಿನಿಂದ ದಿನಾ ಮಧ್ಯಾಹ್ನ ಹಳೆಯ ಕಂಪನಿಯವರೊಂದಿಗೆ ಫೋನಿನ ದರ್ಬಾರು. ಗಜೇಂದ್ರಗಡದಲ್ಲಿದ್ದ ಹಾರ್ಮೋನಿಯಂ ಮಾಸ್ತರ ದಾವಲಸಾಬರಂತೂ ತಪ್ಪದೆ ಬರುತ್ತಿದ್ದರು, ಕುದುರೆ ಮೋರೆಯ ಕಿನ್ನರನಾಗಿ. ಇಬ್ಬರೂ ಹಳೆಯ ನಾಟಕದ ಮಾತುಗಳನ್ನು ಒಬ್ಬರಿಗೊಬ್ಬರು ಎಸೆದುಕೊಂಡು, ಮರೆತವರನ್ನು ಇನ್ನೊಬ್ಬರು ಬಯ್ದು, ಚಹ ಆರಿಹೋಗುವ ತನಕ ಕೂತಿರುತ್ತಿದ್ದರು.

ಸಮಮುಖ ಬಂದ ದಿನ ದಾವಲಸಾಬರು ಕೇಳಿದ್ದರು, “ಯಾರವಾ ನೀನು? ಇಂದವ್ವನ ಫೋನು ನಿನ್ನ ಕೈಯಾಗ ಹೆಂಗ ಬಂತು?”

ಪರದೆಯ ಮೇಲೆ ರಾಕ್ಷಸ ರಾಣಿ ನೆಟ್ಟಗಾಗಿದ್ದಳು. ಎರಡೂ ಹುಬ್ಬು ಸಮ, ಎರಡೂ ಹಲ್ಲು ಸಮ. ಜಾತಕಕ್ಕೆ ಕೊಡುವ ಫೋಟೋದ ಹಾಗೆ.

ಕುಮುದಾ ಜಿಗಳೂರ ಸಾಹೇಬರ ಕೋಣೆಗೆ ಹೋಗಿ ಬಂದಳು. ಬೇಡವೆಂದವರಿಗೆ ಯಂತ್ರವನ್ನು ಆರಿಸುವ ಗುಂಡಿಯಾದರೂ ಕೊಡಿ ಎಂದಳು. ಗುಂಡಿ ಕೊಟ್ಟರೆ ಯಂತ್ರದ ಮೇಲೆ ನಮಗೇ ನಂಬಿಕೆ ಇಲ್ಲ ಅಂದಂತಾಗುತ್ತದೆ ಎಂದರು ಸಾಹೇಬರು. ಮಾತು ಅಲ್ಲಿಗೇ ನಿಂತಿತು.

ಆಮೇಲೆ ಆ ಭಾನುವಾರ ಬಂತು.

ಕುಮುದಾ ಮನೆಯಲ್ಲೇ ಇದ್ದಳು, ಅವ್ವನ ಪಕ್ಕದಲ್ಲಿ ಕೂತು ಮೆಂತ್ಯೆ ಸೊಪ್ಪು ಸೋಸುತ್ತಿದ್ದಳು. ಪರದೆಯ ಮೇಲೆ ದಾವಲಸಾಬರ ಕಿನ್ನರ ನಗುತ್ತಿದ್ದ. ಏನೋ ಹಳೆಯ ಕ್ಯಾಂಪಿನ ಕಥೆ ಹೇಳುತ್ತಿದ್ದರು. ನಡುವೆ ಇಂದುಬಾಯಿ ತಟ್ಟನೆ ಕೈಯೆತ್ತಿದಳು.

“ದಾವಲಣ್ಣಾ, ನಿಲ್ಲು. ‘ಪಟ್ಟದ ರಾಣಿ’ ಅನ್ನು.”

“ಯಾ... ಯಾಕ?”

“ಅನ್ನಂದ್ರ ಅನ್ನು!”

“ಫ... ಫಟ್ಟ...”

ಇಂದುಬಾಯಿಯ ಕೈಯಿಂದ ಬಟ್ಟಲು ಬಿತ್ತು. ತುಟಿ ಸಡಿಲಾದಾಗ ಮೊದಲು ಕೈಕೊಡುವ ಅಕ್ಷರ ‘ಪ’. ಬಾಯಿ ಮುಚ್ಚದೆ ಗಾಳಿ ಸೋರುತ್ತದೆ. ಮುಖ ಜೋತ ಹೊಸದರಲ್ಲಿ ಅದೊಂದು ಅಕ್ಷರಕ್ಕಾಗಿ ಅವಳು ಕನ್ನಡಿಯ ಮುಂದೆ ನಿಂತು ಅತ್ತವಳು.

“ಕುಮ್ಮಿ, ಮುಖ ನೋಡ ಅವಂದು! ವಾರಿ ಆಗೇದೇನು ನೋಡ!”

ಕುಮುದಾ ನೋಡಿದಳು. ಸಾವಿರಾರು ಮುಖ ತಿದ್ದಿದ ಕಣ್ಣು ಅವಳದು. ಕಿನ್ನರನ ತುಟಿಯ ಎರಡೂ ಅಂಚು ಸಮವಾಗಿದ್ದವು. ಹುಬ್ಬು ಸಮ, ಗಲ್ಲ ಸಮ. ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

“ಸರಿ ಐತವಾ ಮುಖ,” ಎಂದಳು.

“ಸರಿ ಇಲ್ಲ! ರೇಷ್ಮಾ! ಏ ರೇಷ್ಮಾ! ಮಾವನ್ನ ಬಂದು ನೋಡವಾ!” ಇಂದುಬಾಯಿ ರಂಗದ ದನಿ ತೆಗೆದು ಕೂಗಿದಳು. ಹಿಂದೆ ಮೈಕಿಲ್ಲದೆ ಕಡೆಯ ಸಾಲಿಗೆ ಮುಟ್ಟಿಸುತ್ತಿದ್ದ ದನಿ. ಗಜೇಂದ್ರಗಡದ ಆ ಮನೆಯ ಹಿತ್ತಲಿನಿಂದ ಸೊಸೆ ಓಡಿಬಂದದ್ದು, ದಾವಲಸಾಬರ ಖರೆ ಮುಖ ನೋಡಿ ಚೀರಿದ್ದು ಫೋನಿನಲ್ಲೇ ಕೇಳಿಸಿತು. ಏನೋ ಬಿದ್ದ ಸದ್ದು. ಅಳು.

ಪರದೆಯ ಮೇಲಿನ ಕಿನ್ನರ ಮಾತ್ರ ಇನ್ನೂ ನಗುತ್ತಲೇ ಇದ್ದ.

ಸೊಸೆ ಹೊತ್ತು ಕಳೆಯದೆ ಆಸ್ಪತ್ರೆಗೆ ಒಯ್ದಳು. ಮೆದುಳಿಗೆ ರಕ್ತ ಹೋಗುವ ದಾರಿ ಕಟ್ಟಿಕೊಂಡಿತ್ತಂತೆ. ಇನ್ನಷ್ಟು ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಜೀವ ಉಳಿಯಿತು. ಬಲಗೈ ಮತ್ತು ಬಾಯಿ ಅರ್ಧ ಹೋದವು.

ಸೋಮವಾರ ಕುಮುದಾ ಮೇಜಿಗೆ ಹೋಗಲಿಲ್ಲ. ನೇರ ಸಾಹೇಬರ ಕೋಣೆಗೆ ಹೋದಳು. ಜಿಗಳೂರ ಸಾಹೇಬರು ಕೆಟ್ಟ ಮನುಷ್ಯರೇನಲ್ಲ. ದಾವಲಸಾಬರ ಸುದ್ದಿ ಕೇಳಿ ಖರೇ ಖರೇ ಮರುಗಿದರು, ಚಹ ತರಿಸಿದರು. ಆದರೆ ಮರುಕ ಬೇರೆ, ವ್ಯಾಪಾರ ಬೇರೆ.

“ನೋಡ್ರಿ ಕುಮುದಾ ಅವರ, ಫೋನು ಮಾಡೋ ದೊಡ್ಡ ಕಂಪನಿಯವರು ಶುಕ್ರವಾರ ಬರಾಕತ್ತಾರ. ಸಮಮುಖನ ಎಲ್ಲಾ ಫೋನಿಗೂ ಹಾಕ್ತಾರಂತ. ವೇಷಮುಖಕ್ಕಷ್ಟ ಅಲ್ಲ, ಖರೆ ಮುಖಕ್ಕೂ. ಆಸ್ಪತ್ರಿ ಫೋನು, ಸಾಲಿ ಫೋನು, ಎಲ್ಲಾ.”

“ಆಸ್ಪತ್ರಿ ಫೋನಿಗೆ?” ಎಂದಳು ಕುಮುದಾ. “ಡಾಕ್ಟರು ರೋಗಿ ಮುಖ ನೋಡೋದು ಬ್ಯಾಡೇನ್ರಿ?”

“ಅದೆಲ್ಲಾ ಮುಂದ ನೋಡೂಣಂತ. ಮುಖದ ಅಳತಿ ಸರಿ ಇರಬೇಕು ಅಂತ ಹಗಲೆಲ್ಲಾ ಹೇಳ್ತಿದ್ದವರು ನೀವ. ಆ ಯಂತ್ರ ಕಲ್ತದ್ದೂ ನಿಮ್ಮ ಕೈಯಿಂದನ. ಈಗ ನೀವ ಹಿಂಗಂದ್ರ?”

“ಅಳತಿ ಅಂದ್ರ ಎಲ್ಲಾರದೂ ಒಂದ ಅಲ್ರಿ. ಅವರವರ ಮೂಳಿಗೆ ಅವರವರ ಅಳತಿ.”

ಸಾಹೇಬರು ಅದನ್ನು ಕೇಳಿಸಿಕೊಂಡಂತೆ ತೋರಲಿಲ್ಲ. ಅವರ ತಲೆಯಲ್ಲಿ ಬೇರೆಯದೇ ಓಡುತ್ತಿತ್ತು. ಸ್ವಲ್ಪ ಮುಂದೆ ಬಾಗಿ, ದನಿ ಮೆತ್ತಗೆ ಮಾಡಿ, “ನಿಮ್ಮ ತಾಯಿಯವರನ್ನ ಶುಕ್ರವಾರ ಕರ್ಕೊಂಡು ಬರ್ರಿ,” ಎಂದರು. “ಅವರ ಮುಖ ಭಾಳ... ಅಂದ್ರ, ಮೊದಲು ಹೆಂಗಿತ್ತು, ಆಮ್ಯಾಲೆ ಹೆಂಗಾತು ಅಂತ ತೋರಸಾಕ ಅದಕ್ಕಿಂತ ಛಲೋ ಮುಖ ಸಿಗಂಗಿಲ್ಲ. ಸ್ಟೇಜಿನ ಮ್ಯಾಲ ಕುಂತು ಎದ್ದವರು, ಅಂಜೋದಿಲ್ಲ. ನೀವ ಬಂದವರಿಗೆ ಎಲ್ಲಾ ತಿಳಿಸಿ ಹೇಳ್ರಿ. ಮುಖ ಬಲ್ಲವರು ನೀವು. ನೀವು ಸರಿ ಅಂದ್ರ ಅವರು ಸರಿ ಅಂತಾರ.”

ಮನೆಗೆ ಬಂದು ಕುಮುದಾ ಚಪ್ಪಲಿ ಬಿಚ್ಚುವ ಮೊದಲೇ, “ಕೆಲಸ ಬಿಡ್ತೀನವಾ,” ಎಂದಳು. ನಡೆದದ್ದೆಲ್ಲ ಹೇಳಿದಳು. ಹೇಳುವಾಗ ಕಣ್ಣಲ್ಲಿ ನೀರು ಬಂತು, ಸಿಟ್ಟಿನ ನೀರು.

ಇಂದುಬಾಯಿ ಎಲೆಗೆ ಸುಣ್ಣ ಸವರುತ್ತಾ ಪೂರ್ತಿ ಕೇಳಿದಳು. ಎಲೆ ಮಡಿಚಿ ಬಲಗಡೆಯ ದವಡೆಗೆ ತಳ್ಳಿದಳು.

“ಎಷ್ಟ ಮಂದಿ ಬರ್ತಾರ?”

“ಹತ್ತಿಪ್ಪತ್ತು. ಸ್ಟುಡಿಯೋದವರೂ ಇರ್ತಾರ.”

“ಲೈಟು?”

“ಅವ್ವಾ!”

“ಅಲ್ಲಬೇ, ರಂಗ ಬಿಟ್ಟು ಭಾಳ ವರ್ಷ ಆತು. ಕರದು ಪಾರ್ಟು ಕೊಡಾಕತ್ತಾರ. ಒಲ್ಲೆ ಅಂದು ಮನ್ಯಾಗ ಕುಂತ್ರ ಯಾರಿಗೆ ಗೊತ್ತಾಗತೈತಿ? ನೀ ಬಿಟ್ರ ಇನ್ನೊಬ್ಬಾಕಿ ಬಂದು ಸರಿ ಐತಿ ಅಂತಾಳ. ಹೋಗೂಣು.” ಎಲೆ ಅಗಿಯುತ್ತ ಕೇಳಿದಳು, “ಆ ಕೂಸಿನ ನಿಯಮ ಅಂದಿದ್ದಿ. ಅದು ಇನ್ನೂ ಐತೇನು?”

ಕುಮುದಾ ತಲೆಯೆತ್ತಿ ಅವ್ವನ ಮುಖ ನೋಡಿದಳು. ಅರ್ಧ ಮುಖದಲ್ಲಿ ಏನೂ ಇರಲಿಲ್ಲ. ಇನ್ನರ್ಧ ಮುಖದಲ್ಲಿ ಹಳೆಯ ಖಳರಾಣಿ ಕೂತು ಮೀಸೆಯಿಲ್ಲದೆ ಮೀಸೆ ತಿರುವುತ್ತಿದ್ದಳು. ಒಳಗೆ ಹೋಗಿ, ದೇವರ ಗೂಡಿನ ಪಕ್ಕದ ಕಾಡಿಗೆ ಡಬ್ಬಿ ತೆಗೆದು ತನ್ನ ಕೈಚೀಲಕ್ಕೆ ಹಾಕಿಕೊಂಡಳು ಕುಮುದಾ.

ಶುಕ್ರವಾರ ಗಿರಣಿಯ ಹಜಾರದಲ್ಲಿ ಗೋಡೆಯಗಲದ ಪರದೆ, ಮುಂದೆ ಸಾಲು ಕುರ್ಚಿ. ಫೋನು ಕಂಪನಿಯವರ ಪೈಕಿ ಹಿರಿಯರು ಐರಿನ್ ಎಂಬ ಹೆಂಗಸು, ಮಂಗಳೂರಿನ ಕಡೆಯವರು, ಕತ್ತರಿಸಿದ ಬೆಳ್ಳಿಗೂದಲು, ಯಾರು ಮಾತಾಡಿದರೂ ಕಣ್ಣು ಕದಲಿಸದೆ ಕೇಳುವವರು. ಇಂದುಬಾಯಿ ಇಳಕಲ್ ಸೀರೆ ಉಟ್ಟು, ನಡುವಿನ ಕುರ್ಚಿಯಲ್ಲಿ ಸಿಂಹಾಸನದ ಮೇಲೆ ಕೂತಂತೆ ಕೂತಿದ್ದಳು. ಎದುರಿಗೆ ಕ್ಯಾಮೆರಾ.

“ಇದು ಮೊದಲು,” ಎಂದರು ಜಿಗಳೂರ ಸಾಹೇಬರು. ಪರದೆಯ ಮೇಲೆ ವಾರೆಮುಖದ ರಾಕ್ಷಸ ರಾಣಿ ಮೂಡಿದಳು. ಹಿಂದಿನ ಸಾಲಿನಲ್ಲಿ ಯಾರೋ ಲೊಚಗುಟ್ಟಿದರು.

“ಇದು ಆಮೇಲೆ.” ತೌಸೀಫ್ ತಲೆ ತಗ್ಗಿಸಿ ಗುಂಡಿ ಒತ್ತಿದ. ಜೋತ ಗಲ್ಲ ಏರಿತು, ಹುಬ್ಬು ಎದ್ದಿತು, ಬಾಯಿ ನೆಟ್ಟಗಾಯಿತು. ಚಪ್ಪಾಳೆ ಬಿತ್ತು.

“ಅಮ್ಮಾರ, ಏನರ ಮಾತಾಡ್ರಿ, ನಡೀತೈತಿ.”

ಇಂದುಬಾಯಿ ಗಂಟಲು ಸರಿಮಾಡಿಕೊಂಡಳು. “ನೆಟ್ಟಗಿನ ದಾರಿ ಹಿಡಿದವರೆಲ್ಲ ನನ್ನ ಕೋಟೆಯ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಾರೆ, ಮಂತ್ರಿ! ಡೊಂಕು ದಾರಿ ಹಿಡಿದ ನಾನು ಸಿಂಹಾಸನದ ಮೇಲಿದ್ದೇನೆ!”

ದನಿ ಗುಡುಗಿನಂತಿತ್ತು. ಪರದೆಯ ರಾಣಿ ಮಾತ್ರ ಬಸ್‌ಸ್ಟ್ಯಾಂಡಿನಲ್ಲಿ ಗದಗ ಬಸ್ಸು ಹೊರಡುವ ಸಮಯ ಹೇಳುವಂತೆ ಹೇಳಿ ಮುಗಿಸಿದಳು. ಮತ್ತೆ ಚಪ್ಪಾಳೆ.

“ನಮ್ಮ ಮುಖತಜ್ಞರು ಎರಡು ಮಾತು ಹೇಳ್ತಾರ,” ಎಂದು ಸಾಹೇಬರು ಮೈಕನ್ನು ಕುಮುದಾಳ ಕಡೆ ಚಾಚಿದರು.

ಕುಮುದಾ ಮೈಕು ಮುಟ್ಟಲಿಲ್ಲ. ಎದ್ದು ಅವ್ವನ ಹತ್ತಿರ ಹೋದಳು. ಕೈಚೀಲದಿಂದ ಡಬ್ಬಿ ತೆಗೆದು, ಕಿರುಬೆರಳಿಗೆ ಕಾಡಿಗೆ ಸವರಿಕೊಂಡಳು. ಚಿಕ್ಕವಳಿದ್ದಾಗ, ಕಂಪನಿಯ ಬಣ್ಣದ ಮನೆಯಲ್ಲಿ, ರಾಕ್ಷಸಿಯ ವೇಷದಲ್ಲಿದ್ದ ಇದೇ ಅವ್ವ ಇದೇ ಕಾಡಿಗೆಯಿಂದ ಅವಳಿಗೆ ಬೊಟ್ಟಿಡುತ್ತಿದ್ದಳು.

“ಯಾವ ಕಡಿ ಹಚ್ಚಲವಾ?” ಮೆಲ್ಲಗೆ ಕೇಳಿದಳು.

“ಎಡಕ್ಕ ಹಚ್ಚು,” ಎಂದಳು ಇಂದುಬಾಯಿ, ಹಜಾರಕ್ಕೆಲ್ಲ ಕೇಳುವಂತೆ. “ಆ ಕಡಿ ಭಾಳ ಛಲೋ ಐತಿ. ದೃಷ್ಟಿ ಆದೀತು.”

ಕುಮುದಾ ಹಚ್ಚಿದಳು.

ಯಂತ್ರ ಬೊಟ್ಟು ಕಂಡಿತು. ಕೂಸು ಎಂದುಕೊಂಡಿತು. ಕೈಬಿಟ್ಟಿತು. ಪರದೆಯ ಮೇಲೆ ನೆಟ್ಟಗಿದ್ದ ಗಲ್ಲ ಜಾರಿ ಇಳಿಯಿತು, ತುಟಿ ಕೋರೆಹಲ್ಲಿನ ಮೇಲೆ ಬಿತ್ತು, ಹುಬ್ಬು ಕುಸಿಯಿತು. ಅಷ್ಟೆತ್ತರದ ರಾಕ್ಷಸ ರಾಣಿ ತನ್ನ ಮುಖದೊಳಗೆ ತಾನೇ ವಾಪಸು ಬಂದು ಕೂತಳು, ಎಡಗಲ್ಲಕ್ಕೆ ಕರಿ ಬೊಟ್ಟಿಟ್ಟುಕೊಂಡು. ಹಿಂದಿನ ಸಾಲಿನಿಂದ ‘ದವಡಿ ಅಕ್ಕಾ’ ಎಂದು ಯಾರೋ ಸಿಳ್ಳೆ ಹೊಡೆದರು.

“ನೆಟ್ಟಗಿನ ದಾರಿ ಹಿಡಿದವರೆಲ್ಲ,” ಎಂದು ಶುರುಮಾಡಿದಳು ಇಂದುಬಾಯಿ. ಈಗ ಮಾತಿನ ಜೊತೆ ಮುಖವೂ ಬಂತು. ಬಲಗಡೆ ಉರಿಯುತ್ತಿತ್ತು, ಎಡಗಡೆ ಕಲ್ಲಾಗಿತ್ತು, ಮುಚ್ಚದ ಆ ಕಣ್ಣು ಒಬ್ಬೊಬ್ಬರನ್ನೇ ನೋಡುತ್ತಿತ್ತು. ಜನ ಪರದೆ ನೋಡುವುದನ್ನು ಬಿಟ್ಟರು. ಒಬ್ಬರಾದ ಮೇಲೊಬ್ಬರು ಕುರ್ಚಿ ಸರಿಸಿಕೊಂಡು ಮುದುಕಿಯ ಕಡೆಗೇ ತಿರುಗಿದರು. “ಸಿಂಹಾಸನದ ಮೇಲಿದ್ದೇನೆ!” ಎಂದು ಮುಗಿಸಿದಾಗ ಚಪ್ಪಾಳೆ ಹೊಡೆಯುವುದೂ ಯಾರಿಗೂ ನೆನಪಾಗಲಿಲ್ಲ.

ಆಗ ಕುಮುದಾ ಮೈಕು ತೆಗೆದುಕೊಂಡಳು. ಭಾನುವಾರದ ಮಧ್ಯಾಹ್ನವನ್ನು ಹೇಳಿದಳು. ಕಿನ್ನರ ನಗುತ್ತಲೇ ಇದ್ದದ್ದನ್ನು ಹೇಳಿದಳು. “ಒಂದು ಮುಖ ವಾರಿ ಆಗೋದು ತಪ್ಪಲ್ರಿ, ಅದು ಸುದ್ದಿ. ಒಳಗ ಏನೋ ನಡದೈತಿ ಅಂತ ಮುಖ ಹೇಳಾಕತ್ತಿರತೈತಿ. ಆ ಸುದ್ದಿನ ನಾವು ತಿದ್ದಿ ಒಗದ್ವಿ. ನಾ ಮುಖದ ಕೆಲಸದಾಕಿ. ಇದಕ್ಕ ಸರಿ ಅನ್ನಂಗಿಲ್ಲ. ಇವತ್ತೂ ಅನ್ನಂಗಿಲ್ಲ, ಮುಂದೂ ಅನ್ನಂಗಿಲ್ಲ.”

ಐರಿನ್ ಮೇಡಂ ಇಂದುಬಾಯಿಯ ಗಲ್ಲದ ಮೇಲಿಂದ ಕಣ್ಣು ತೆಗೆಯದೆ ಕೇಳಿದರು, “ಅ‌ಲ್ಲ ಮಾರಾಯ್ರೆ, ಒಂದು ಚಿಟಿಕೆ ಕಾಡಿಗೆ ಹಚ್ಚಿದರೆ ನಿಮ್ಮ ಯಂತ್ರ ನಿಂತು ಹೋಗ್ತದಾ?”

“ಆ ನಿಯಮ ಈಗಲೇ ತೆಗೆಸ್ತೀನಿ ಮೇಡಂ, ಸಣ್ಣ ವಿಷಯ,” ಎಂದರು ಜಿಗಳೂರ ಸಾಹೇಬರು, ಬೆವರೊರೆಸಿಕೊಳ್ಳುತ್ತ.

“ತೆಗೀರಿ,” ಎಂದಳು ಕುಮುದಾ. “ನಾಳಿ ಮುಂಜಾನಿ ತಾಯಂದಿರು ಬರ್ತಾರ.”

“ನಾಳಿಂದ ನೀವು ಬರೋದು ಬ್ಯಾಡ್ರಿ.”

“ನಾಳಿ ಯಾಕ್ರಿ? ಇವತ್ತ ಹೊಂಟೆ. ಏಳವಾ.”

ಇಂದುಬಾಯಿ ಎದ್ದಳು. ಬಾಗಿಲಿನಲ್ಲಿ ತಿರುಗಿ ನಿಂತು, ರೂಢಿಯ ಪ್ರಕಾರ, ಪ್ರೇಕ್ಷಕರಿಗೆ ಕೈಮುಗಿದಳು.

ಸಾಹೇಬರು ಅಂದೇ ನಿಯಮ ತೆಗೆಸಿದರು. ಮರುದಿನ ಸ್ಟುಡಿಯೋದ ಮೆಟ್ಟಿಲ ಮೇಲೆ ಕಾಲಿಡಲು ಜಾಗವಿರಲಿಲ್ಲ. ಕಂಕುಳಲ್ಲಿ ಕೂಸು, ಕೈಯಲ್ಲಿ ಫೋನು, ಫೋನಿನಲ್ಲಿ ಸಾಹುಕಾರ. ಸಂಜೆಯೊಳಗೆ ನಿಯಮ ವಾಪಸು ಬಂತು. ಕೂಸುಗಳ ಅಳತೆಯನ್ನು ಬೇರೆಯಾಗಿ ಕಲಿಸು, ಬೊಟ್ಟಿನ ಹಂಗು ಬೇಡ ಎಂದು ತೌಸೀಫನಿಗೆ ಅಪ್ಪಣೆಯಾಯಿತು. ಅವನು ಬಡೇಸೋಪು ಅಗಿಯುತ್ತ, ಆಗತೈತ್ರಿ ಸರ, ಆದ್ರ ಭಾಳ ದಿನ ಹಿಡೀತೈತಿ ಅಂದನಂತೆ. ಇನ್ನೂ ಹಿಡಿಯುತ್ತಲೇ ಇದೆ. ಕಂಪನಿಯವರು ಯೋಚಿಸಿ ಹೇಳುತ್ತೇವೆ ಎಂದು ಹೋದವರು ಯೋಚಿಸುತ್ತಲೇ ಇದ್ದಾರೆ.

ಅಷ್ಟರಲ್ಲಿ ಸುದ್ದಿ ಹಬ್ಬಿತ್ತು. ಬದನೆಕಾಯಿಯ ನಾಗರಾಣಿ ಗಲ್ಲಕ್ಕೊಂದು ಬೊಟ್ಟಿಟ್ಟಳು, ಅವಳ ಮುರಿದ ಹಲ್ಲಿನ ನಗು ವಾಪಸು ಬಂತು. ಗರುಡ ಮಾಸ್ತರರು ಮೊದಲು ನಾಚಿದರು, ಆಮೇಲೆ ಹೆಂಡತಿಯ ಡಬ್ಬಿಯಿಂದಲೇ ಕದ್ದು ಹಚ್ಚಿಕೊಂಡರು. ಮೀಸೆ ಹೊತ್ತ ಗಂಡಸರು ಹಾಲುಕೂಸಿನ ಹಾಗೆ ಬೊಟ್ಟಿಟ್ಟುಕೊಂಡು ಪೇಟೆಯಲ್ಲಿ ತಿರುಗುವುದನ್ನು ಹುಬ್ಬಳ್ಳಿ ಅಲ್ಲಿಯ ತನಕ ಕಂಡಿರಲಿಲ್ಲ. ಬೊಟ್ಟು ಒಂದೇ ಕಡೆ ಇದ್ದರೆ ಖರೆ ಮುಖ, ಬೊಟ್ಟೇ ಇಲ್ಲದಿದ್ದರೆ ತಿದ್ದಿದ ಮುಖ ಎಂದು ಕೂಸುಗಳೂ ಕಲಿತವು.

ಕುಮುದಾ ಈಗ ಮನೆಯ ಮುಂಗೋಣೆಯಲ್ಲಿ ಕೂತು ಮುಖ ಬರೆಯುತ್ತಾಳೆ. ಸೀಳುತುಟಿಯ ಹುಡುಗಿ ಬಂದು ಯಕ್ಷಿಯ ಮುಖ ಬರೆಸಿಕೊಂಡು ಹೋದಳು, ತುಟಿ ಇದ್ದ ಹಾಗೇ ಇರಲಿ ಎಂದು. ಒಂದು ಕಣ್ಣಿನ ಲಾರಿ ಡ್ರೈವರ್ ಬಂದ. ಕುಮುದಾ ಎಲ್ಲರನ್ನೂ ಎದುರಿಗೆ ಕೂರಿಸಿಕೊಂಡು ಮಾತಾಡಿಸುತ್ತಾಳೆ, ನಗಿಸುತ್ತಾಳೆ. ಚಿತ್ರವನ್ನು ಎಡಬಲ ತಿರುವಿ ನೋಡುವುದನ್ನು ಬಿಟ್ಟಿಲ್ಲ. ಆದರೆ ಈಗ ತಿರುವಿ ನೋಡುವುದು ಇವರು ಇವರೇ ಹೌದೋ ಅಲ್ಲವೋ ಎಂದು. ಕಣ್ಣನ್ನು ಹಣೆಗೇರಿಸಿದವರನ್ನು ಇವತ್ತಿಗೂ ಬಯ್ಯುತ್ತಾಳೆ. ಮೂಳೆ ಮೊದಲು.

ಮೊನ್ನೆ ಮಧ್ಯಾಹ್ನ ಗಜೇಂದ್ರಗಡದಿಂದ ಫೋನು ಬಂತು. ಕುದುರೆ ಮೋರೆಯ ಹೊಸ ಕಿನ್ನರ, ಬಲಗಡೆಯ ತುಟಿ ಜೋತಿದೆ, ಆ ಕಡೆಯ ಗಲ್ಲ ಸಡಿಲ. ಕುಮುದಾ ಗಜೇಂದ್ರಗಡಕ್ಕೇ ಹೋಗಿ, ಎದುರಿಗೆ ಕೂತು ಬರೆದದ್ದು. ಗಲ್ಲದ ಮೇಲೆ ಸೊಸೆ ರೇಷ್ಮಾ ಇಟ್ಟ ಕರಿ ಬೊಟ್ಟು.

ದಾವಲಸಾಬರು ಬಾಯಿ ತೆರೆದರು. ಏನೋ ಹೇಳಲು ಹೋದರು, ಗಾಳಿ ಸೋರಿತು. ಮುಖ ತಗ್ಗಿಸಿದರು. ಕಿನ್ನರನೂ ತಗ್ಗಿಸಿದ.

“ಮುಖ ಎತ್ತು ದಾವಲಣ್ಣಾ,” ಎಂದಳು ರಾಕ್ಷಸ ರಾಣಿ. “ನಾ ನೋಡಾಕತ್ತೀನಿ. ‘ಪಟ್ಟದ ರಾಣಿ’ ಅನ್ನು.”

“ಫ... ಫಟ್ಟ...”

“ಇನ್ನೊಮ್ಮೆ.”